ಕಸೂತಿಗೂ ಕೂಲಿ ಬೇಡವೇ?

ಸೋದರಿಯರೇ, ನಿಮ್ಮ ಮನೆಯಲ್ಲೂ ತವರಿನಿಂದ ಬಂದ ಟ್ರಂಕು ಒಂದು ಇದ್ದೇ ಇರುತ್ತದೆ. ಅದರ ತಳದಲ್ಲಿ ನೀವು ಮದುವೆಗೆ ಮುಂಚೆ ಹೊಲಿದ ದಿಂಬಿನ ಚೀಲ, ಒಂದು ಟೇಬಲ್ ಕ್ಲಾತು, ಅರ್ಧಕ್ಕೇ ನಿಂತ ಒಂದು ನವಿಲು ಇರಬಹುದು. ಹೆಣ್ಣು ನೋಡಲು ಬಂದವರ ಮುಂದೆ "ಹುಡುಗಿಗೆ ಕಸೂತಿ ಬರುತ್ತದೆ" ಎಂದು ಅದನ್ನೇ ಬಿಡಿಸಿ ತೋರಿಸಿರುತ್ತಾರೆ. ಲಗ್ನವಾದ ಮೇಲೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ನಾವೂ ಮರೆಯುತ್ತೇವೆ. ರೊಟ್ಟಿ, ಪಲ್ಯ, ಮಕ್ಕಳ ಪರೀಕ್ಷೆ, ಹಿರಿಯರ ಔಷಧ ಇವುಗಳ ನಡುವೆ ಸೂಜಿ ಹಿಡಿಯುವುದು ಗುಂಡಿ ಕಿತ್ತುಹೋದಾಗ ಮಾತ್ರ!

ನನ್ನ ಮಟ್ಟಿಗೆ ಆ ಸೂಜಿಯೇ ಈಗ ಒಂದು ಅಂಗಡಿಯಾಗಿದೆ. ನನಗೆ ನಲವತ್ತಾರು ವರ್ಷ. ಓದಿದ್ದು ಎಸ್ಸೆಸ್ಸೆಲ್ಸಿ. ಧಾರವಾಡ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಸಂಸಾರ. ಯಜಮಾನರು, ಅತ್ತೆ, ಒಬ್ಬ ಮಗಳು, ಒಬ್ಬ ಮಗ. ನನ್ನ ಅಂಗಡಿಗೆ ಬೋರ್ಡಿಲ್ಲ, ಬಾಗಿಲಿಲ್ಲ, ಗಲ್ಲಾಪೆಟ್ಟಿಗೆಯೂ ಇಲ್ಲ. ಅಂಗಡಿ ಇರುವುದು ಮೊಬೈಲಿನಲ್ಲಿ. ಮಾಲು ಇರುವುದು ದೇವರ ಮನೆಯ ಪಕ್ಕದ ಕಪಾಟಿನಲ್ಲಿ. ಕಸೂತಿ ಹಾಕಿದ ಕುಪ್ಪಸದ ಕಣ, ಸೀರೆಯ ಸೆರಗು, ದಿಂಬಿನ ಚೀಲ, ಕೈಚೀಲ, ಪುಸ್ತಕದಲ್ಲಿಡುವ ಪಟ್ಟಿ, ಇಷ್ಟೇ ನನ್ನ ಸರಕು. ಬೆಂಗಳೂರು, ಮೈಸೂರು, ಪುಣೆಯವರೆಗೆ ಹೋಗುತ್ತದೆ.

ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಅಂಗಡಿ ತೆರೆಯುವುದು ಬಹಳ ಸುಲಭ. ಮಗಳು ಒಂದು ಮಧ್ಯಾಹ್ನದಲ್ಲಿ ತೆರೆದುಕೊಟ್ಟಳು. ಕಷ್ಟವಾದದ್ದು ಬೇರೆಯೇ ಒಂದು ವಿಷಯ. ಅದೇನೆಂದರೆ, ನನ್ನ ಕೈಕೆಲಸಕ್ಕೆ ಎಷ್ಟು ರೂಪಾಯಿ ಎಂದು ನಾನೇ ಬಾಯಿಬಿಟ್ಟು ಹೇಳುವುದು. ಅದರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದೇ ಇದನ್ನು ಬರೆಯಲು ಕೂತೆ.

ಮೊದಲು ಕಸೂತಿಯ ವಿಚಾರ. ನಮ್ಮ ಉತ್ತರ ಕರ್ನಾಟಕದ ಸೋದರಿಯರಿಗೆ ಇದು ಗೊತ್ತಿದ್ದದ್ದೇ. ದಕ್ಷಿಣದ ಕಡೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಈಗ ಎಲ್ಲ ಬಗೆಯ ದಾರದ ಕೆಲಸಕ್ಕೂ ಕಸೂತಿ ಎಂದೇ ಕರೆಯುತ್ತಾರೆ. ಆದರೆ ನಮ್ಮ ಧಾರವಾಡದ ಕಡೆಯ ಕಸೂತಿಗೆ ಅದರದೇ ರೀತಿನೀತಿ ಉಂಟು. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಅಚ್ಚು ಒತ್ತುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹೊಲಿಯಬೇಕು. ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟಗಾಗುತ್ತದೆ! ದಾರಕ್ಕೆ ಗಂಟು ಹಾಕುವುದೂ ಇಲ್ಲ. ಶುರುವಿನ ತುದಿಯನ್ನೂ ಕೊನೆಯ ತುದಿಯನ್ನೂ ಹೊಲಿಗೆಯೊಳಗೇ ಮರೆಸಬೇಕು.

ಹೊಲಿಗೆ ನಾಲ್ಕು ಬಗೆ. ಗವಂತಿ ಎಂದರೆ ಹೋಗುತ್ತ ಒಂದು ಬಿಟ್ಟು ಒಂದು ಹೊಲಿದು, ಬರುತ್ತ ಬಿಟ್ಟ ಜಾಗವನ್ನು ತುಂಬುವುದು. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇವೆರಡರಲ್ಲಿ ಬಟ್ಟೆಯ ಮುಂದೆಯೂ ಹಿಂದೆಯೂ ಒಂದೇ ರೂಪ. ಯಾವುದು ಒಳಮೈ ಯಾವುದು ಹೊರಮೈ ಹೇಳಲಾಗದು. ನೇಗಿ ಎಂದರೆ ನೇಯ್ದ ಹಾಗೆ ಕಾಣುವಂಥದು. ಮೆಂತಿ ಎಂದರೆ ಮೆಂತ್ಯದ ಕಾಳು ಚೆಲ್ಲಿದ ಹಾಗೆ ಅಡ್ಡ ಅಡ್ಡ ಹಾಕುವ ಹೊಲಿಗೆ. ಅದಕ್ಕೆ ದಾರ ಹೆಚ್ಚು ಬೇಕು. ಈ ನಾಲ್ಕರಲ್ಲೇ ಗೋಪುರ, ತೇರು, ಆನೆ ಅಂಬಾರಿ, ನಂದಿ, ತುಳಸಿಕಟ್ಟೆ, ಗಿಳಿ, ನವಿಲು ಎಲ್ಲವೂ ಮೂಡಬೇಕು. ಇಳಕಲ್ಲ ಸೀರೆಯ ಸೆರಗಿನ ಹತ್ತಿರ ಹಾಕಿದರೆ ಅದರ ಅಂದವೇ ಬೇರೆ. ಹಿಂದೆ ಮದುಮಗಳಿಗೆ ಕೊಡುವ ಸೀರೆಗಳಲ್ಲಿ ಕಪ್ಪು ಚಂದ್ರಕಾಳಿ ಸೀರೆಯೊಂದು ಇರಬೇಕು, ಅದರ ಮೇಲೆ ಕಸೂತಿ ಇರಬೇಕು ಎಂಬ ವಾಡಿಕೆ ಇತ್ತು.

ನಮ್ಮ ಅತ್ತೆಯವರ ಬಳಿ ಅಂಥ ಸೀರೆ ಇದೆ. ಅದನ್ನು ಹೊಲಿದದ್ದು ಅವರ ತಾಯಿ. ಅತ್ತೆಗೆ ಈಗ ಎಂಬತ್ತರ ಹತ್ತಿರ. ಕಣ್ಣಿಗೆ ಎಳೆ ಕಾಣುವುದಿಲ್ಲ. ಆದರೂ ನಾನು ಹೊಲಿದ ತುಂಡನ್ನು ಕೈಗೆ ಕೊಟ್ಟರೆ ಮೊದಲು ತಿರುವಿ ಹಿಂಬದಿಯ ಮೇಲೆ ಬೆರಳಾಡಿಸುತ್ತಾರೆ. "ಮುಂದ ಎಲ್ಲಾರೂ ಚಂದನ ಮಾಡ್ತಾರವ್ವಾ, ಹಿಂದ ನೋಡಬೇಕು" ಎನ್ನುತ್ತಾರೆ. ನನ್ನ ಅಂಗಡಿಗೆ ಅವರೇ ದೊಡ್ಡ ಇನ್‌ಸ್ಪೆಕ್ಟರು.

ಇನ್ನು ಅಂಗಡಿ ಹುಟ್ಟಿದ ಸಂಗತಿ. ಯಜಮಾನರದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆಯೇ ಅವರ ಮುಖ್ಯ ಆದಾಯ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬೇಸಿಗೆಯ ಲಗ್ನಗಳೆಲ್ಲ ನಿಂತವು. ನಡೆದ ನಾಲ್ಕಾರು ಲಗ್ನಕ್ಕೂ ಜನರು ಮೊಬೈಲಿನಲ್ಲೇ ಕರೆಯೋಲೆ ಕಳಿಸಿದರು. ಯಂತ್ರ ಮೂರು ತಿಂಗಳು ಮುಸುಕು ಹಾಕಿಕೊಂಡು ಕೂತಿತ್ತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಹಾಲು ಎರಡು ಲೀಟರಿನಿಂದ ಒಂದು ಲೀಟರಿಗೆ ಇಳಿಯಿತು. ನಿಮಗೆ ಗೊತ್ತಲ್ಲ, ಮನೆಯ ಪರಿಸ್ಥಿತಿ ಗೊತ್ತಾಗುವುದು ಮೊದಲು ಅಡುಗೆಮನೆಗೆ.

ಆಗ ಹೈಸ್ಕೂಲಿನಲ್ಲಿದ್ದ ಮಗಳು ನನ್ನ ಹಳೆಯ ದಿಂಬಿನ ಚೀಲದ ಫೋಟೋ ತೆಗೆದು ಬೆಂಗಳೂರಿನ ಅವಳ ಸೋದರತ್ತೆಗೆ ಕಳಿಸಿದಳು. ಅವರು ತಮ್ಮ ಗೆಳತಿಯರಿಗೆ ತೋರಿಸಿದರು. ನಾಲ್ಕು ಬೇಕೆಂದು ಬಂತು. ಅಂಗಡಿ ಹುಟ್ಟಿದ್ದು ಹಾಗೆ. ವ್ಯಾಪಾರಿಗಳಿಗೆಂದೇ ಮಾಡಿದ ವಾಟ್ಸಾಪ್ ಬಿಸಿನೆಸ್ ಎಂಬುದನ್ನು ಮಗಳು ಮೊಬೈಲಿಗೆ ಹಾಕಿಕೊಟ್ಟಳು. ಅದಕ್ಕೆ ದುಡ್ಡಿಲ್ಲ. ಅದರಲ್ಲಿ ವಸ್ತುಗಳ ಚಿತ್ರ, ಬೆಲೆ, ಅಳತೆ ಎಲ್ಲ ಸಾಲಾಗಿ ಜೋಡಿಸಿಡಬಹುದು. ಆಮೇಲೆ ಇನ್‌ಸ್ಟಾಗ್ರಾಂನಲ್ಲೂ ಒಂದು ಜಾಗ ಮಾಡಿದೆವು. ಹಣ ಯುಪಿಐ ಮೂಲಕ ನನ್ನ ಖಾತೆಗೇ ಬರುತ್ತದೆ. ನನ್ನ ಹೆಸರಿನ ಖಾತೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಅದುವರೆಗೆ ಆ ಪಾಸ್‌ಬುಕ್ಕಿನಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟರೆ ಬೇರೆ ಸಾಲೇ ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊದಲ ದಿನದಿಂದಲೂ ನಾನು ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಯಾವ ತುಂಡಿಗೆ ಎಷ್ಟು ಬಟ್ಟೆ, ಎಷ್ಟು ದಾರ ಎಂದು ಬರೆಯುವುದು ಎಲ್ಲರೂ ಮಾಡುವುದೇ. ನಾನು ಇನ್ನೊಂದು ಕಾಲಮ್ಮು ಎಳೆದೆ: ತಾಸು. ಒಲೆ ಆರಿಸಿ ಕೂತಾಗ ಗಡಿಯಾರ ನೋಡುವುದು, ಎದ್ದಾಗ ನೋಡುವುದು. ನಡುವೆ ಹಾಲಿನವನು ಬಂದರೆ ಆ ಹತ್ತು ನಿಮಿಷ ಕಳೆಯುವುದು. ಮೋಸವಿಲ್ಲದ ಲೆಕ್ಕ. ಕುತ್ತಿಗೆಗೂ ತೋಳಿಗೂ ಗೋಪುರದ ಅಂಚು ಹಾಕಿದ ಒಂದು ಕುಪ್ಪಸದ ಕಣಕ್ಕೆ ನನ್ನ ಕೈಯಲ್ಲಿ ಹದಿನಾಲ್ಕು ತಾಸು ಹಿಡಿಯಿತು.

ತಾಸಿಗೆ ಎಷ್ಟು ಹಾಕಬೇಕು? ನಮ್ಮ ಕಡೆ ಕಳೆ ತೆಗೆಯಲು ಹೋಗುವ ಹೆಣ್ಣಾಳಿಗೆ ದಿನಕ್ಕೆ 300 ರೂಪಾಯಿ ಕೂಲಿ ಇದೆ. ಏಳೆಂಟು ತಾಸಿನ ಕೆಲಸ. ಅಂದರೆ ತಾಸಿಗೆ 40 ರೂಪಾಯಿಯ ಆಸುಪಾಸು ಬಿತ್ತು. ಕಣ್ಣು ಕೀಲಿಸಿ ಎಳೆ ಎಣಿಸುವವಳಿಗೆ ಕಳೆ ಕೀಳುವವಳಿಗಿಂತ ಕಡಿಮೆ ಯಾಕೆ ಕೊಡಬೇಕು? ಹೆಚ್ಚು ಬೇಡ, ಸಮನಾಗಿಯಾದರೂ ಇರಲಿ ಎಂದು 40 ಎಂದೇ ಹಿಡಿದೆ. ಲೆಕ್ಕ ಹೀಗೆ ಬಂತು: ಬಟ್ಟೆ 220, ದಾರ 60, ಅಂಚೆ ಮತ್ತು ಕಟ್ಟುವ ಸಾಮಾನು 70, ಹದಿನಾಲ್ಕು ತಾಸಿನ ಕೂಲಿ 560. ಒಟ್ಟು 910. ಮೊಬೈಲಿನ ಖರ್ಚು, ಸೂಜಿ, ಕರೆಂಟು, ಕೆಟ್ಟುಹೋದ ತುಂಡು ಇವಕ್ಕೆಲ್ಲ 90. ಅಲ್ಲಿಗೆ 1,000 ರೂಪಾಯಿ.

ಸಾವಿರ ರೂಪಾಯಿ ಎಂದು ಮೊಬೈಲಿನಲ್ಲಿ ಬರೆಯುವಾಗ ಬೆರಳು ನಡುಗಿತು. ಯಜಮಾನರು "ಯಾರ್ ತಗೋತಾರ ಇಷ್ಟು ಕೊಟ್ಟು?" ಎಂದರು. ತಗೊಂಡರು. ಎಲ್ಲರೂ ಅಲ್ಲ. ಹತ್ತು ಜನ ಕೇಳಿದರೆ ಇಬ್ಬರು ತಗೊಂಡರು. ಉಳಿದ ಎಂಟು ಜನರಲ್ಲಿ ಕೆಲವರು ಸುಮ್ಮನಾದರು, ಕೆಲವರು ಒಂದೇ ಮಾತು ಆಡಿದರು: "ಮನೇಲೇ ಕೂತು ಮಾಡೋದಲ್ವಾ, ಇಷ್ಟೊಂದಾ?"

ಈ ಮಾತು ಹೇಳುವವರು ಕೆಟ್ಟವರಲ್ಲ. ಅವರೂ ನಮ್ಮಂಥ ಹೆಂಗಸರೇ. ತಮ್ಮ ಮನೆಯಲ್ಲಿ ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ದುಡಿದು "ನೀನೇನ್ ಮಾಡ್ತೀ ಮನ್ಯಾಗ?" ಎಂದು ಕೇಳಿಸಿಕೊಂಡವರೇ ಇನ್ನೊಬ್ಬಳಿಗೆ ಅದನ್ನೇ ಕೇಳುತ್ತಾರೆ. ನಮ್ಮ ತಾಸಿಗೆ ಬೆಲೆ ಇಲ್ಲ ಎಂದು ನಮಗೇ ಅಭ್ಯಾಸವಾಗಿಬಿಟ್ಟಿದೆ. ತಪ್ಪು ತಿಳಿಯಬೇಡಿ, ಮನೆಗೆ ಮಾಡುವ ರೊಟ್ಟಿಗೆ ಬಿಲ್ಲು ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಮಾರಾಟಕ್ಕಿಟ್ಟ ವಸ್ತುವಿನಲ್ಲಿ ಬಟ್ಟೆಯವನ ಲಾಭ ಇದೆ, ದಾರದವನ ಲಾಭ ಇದೆ, ಅಂಚೆಯ ಖರ್ಚಿದೆ; ಹೊಲಿದವಳದು ಮಾತ್ರ ಯಾಕೆ ಪುಕ್ಕಟೆ?

ಹಾಗೆ ಕೇಳಿದವರೊಡನೆ ನಾನು ಜಗಳವಾಡುವುದಿಲ್ಲ. ಆ ತುಂಡಿನ ಹಿಂಬದಿಯ ಫೋಟೋ ಕಳಿಸುತ್ತೇನೆ. "ಅಕ್ಕಾ, ಇದು ಹದಿನಾಲ್ಕು ತಾಸಿನ ಕೆಲಸ. ಯಂತ್ರದ ಹೊಲಿಗೆ ಅಗ್ಗಕ್ಕೆ ಸಿಗುತ್ತದೆ, ಅದೂ ಚೆನ್ನಾಗೇ ಇರುತ್ತದೆ, ಬೇಕಾದರೆ ಅದನ್ನು ತಗೊಳ್ಳಿ" ಎಂದು ಬರೆಯುತ್ತೇನೆ. ಹಿಂಬದಿ ನೋಡಿದ ಮೇಲೆ ಮನಸ್ಸು ಬದಲಾಯಿಸಿದವರು ಎಷ್ಟೋ ಮಂದಿ. ಅತ್ತೆಯ ಮಾತು ವ್ಯಾಪಾರಕ್ಕೂ ಬಂತು ನೋಡಿ!

ಕೆಲಸ ಹೆಚ್ಚಾದಂತೆ ಓಣಿಯ ನಾಲ್ವರನ್ನು ಜೊತೆಗೆ ಸೇರಿಸಿಕೊಂಡೆ. ನಾನೂ ಸೇರಿ ಐದು ಜನ. ಒಬ್ಬರು ಟೈಲರಿಂಗ್ ಬಲ್ಲವರು, ಇಬ್ಬರು ಹೊಸದಾಗಿ ಲಗ್ನವಾಗಿ ಬಂದ ಹುಡುಗಿಯರು. ನಾಲ್ಕನೆಯವರು ಗಂಡನನ್ನು ಕಳೆದುಕೊಂಡ, ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಅಕ್ಕ. ಮುಂಜಾನೆ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಜೀವನ ಮಾಡುವವರು. ಎಲ್ಲರಿಗೂ ಒಂದೇ ಕೂಲಿ, ತಾಸಿಗೆ 40. ಪ್ರತಿ ತಿಂಗಳ ಐದನೇ ತಾರೀಖು ಪುಸ್ತಕ ಬಿಚ್ಚಿ ಎಲ್ಲರ ಮುಂದೆ ಲೆಕ್ಕ.

2023ರ ಶ್ರಾವಣಕ್ಕೆ ಮುಂಚೆ ಒಂದು ಸಂಗತಿ ನಡೆಯಿತು. ದೊಡ್ಡ ಊರಿನ ಒಬ್ಬ ಬಟ್ಟೆ ವ್ಯಾಪಾರಿ ಮನೆಗೇ ಬಂದರು. ನಮ್ಮ ಫೋಟೋ ನೋಡಿದ್ದರಂತೆ. ಅರವತ್ತು ಕುಪ್ಪಸದ ಕಣ ಬೇಕು, ಗೋಪುರದ ಅಂಚೇ ಬೇಕು. ಬಟ್ಟೆ ಅವರೇ ಕೊಡುತ್ತಾರೆ. ದಾರಕ್ಕೂ ಕೂಲಿಗೂ ಸೇರಿ ಒಂದಕ್ಕೆ 260 ರೂಪಾಯಿ. ಅಷ್ಟು ದೊಡ್ಡ ಆರ್ಡರು ಅದುವರೆಗೆ ಬಂದಿರಲಿಲ್ಲ. ಒಟ್ಟು 15,600 ರೂಪಾಯಿ! ಮಗಳ ಕಾಲೇಜಿನ ಫೀ ಕಟ್ಟುವ ದಿನ ಹತ್ತಿರ ಬಂದಿತ್ತು. ಯಜಮಾನರು ಕಣ್ಣಲ್ಲೇ "ಹೂಂ ಅನ್ನು" ಎಂದರು.

ನಾನು ಚಹಾ ಕೊಟ್ಟು, ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ರಾತ್ರಿ ಪುಸ್ತಕ ತೆಗೆದೆ. 260ರಲ್ಲಿ ದಾರದ 60 ಹೋದರೆ ಉಳಿಯುವುದು 200. ಹದಿನಾಲ್ಕು ತಾಸಿಗೆ 200 ಎಂದರೆ ತಾಸಿಗೆ 14 ರೂಪಾಯಿ ಚಿಲ್ಲರೆ. ಅದೇ ಕಣವನ್ನು ಅವರು ತಮ್ಮ ಅಂಗಡಿಯಲ್ಲಿ ಸಾವಿರದ ಮೇಲೇ ಮಾರುವವರು.

ಮರುದಿನ ಮಧ್ಯಾಹ್ನ ಐವರೂ ಕೂತೆವು. ಲೆಕ್ಕವನ್ನು ಮುಂದಿಟ್ಟೆ. ಹುಡುಗಿಯರು "ಬ್ಯಾಡ ಬಿಡ್ರಿ ವೈನಿ" ಎಂದರು. ಅವರ ಗಂಡಂದಿರಿಗೆ ನೌಕರಿ ಇದೆ. ರೊಟ್ಟಿಯ ಅಕ್ಕ ಮಾತ್ರ ಒಪ್ಪಲಿಲ್ಲ. "ನಿಮಗೇನವ್ವಾ, ತಾಸಿನ ಲೆಕ್ಕ ಹಾಕ್ತೀರಿ. ನನಗ ತಾಸು ಪುಕ್ಕಟೆ ಬಿದ್ದಾವ, ರೊಕ್ಕ ಇಲ್ಲ. ಹದಿನಾಲ್ಕು ಆದ್ರ ಹದಿನಾಲ್ಕು ಬರ್ಲಿ" ಎಂದರು.

ಹೇಳಿ, ಇದಕ್ಕೆ ಏನೆಂದು ಉತ್ತರ ಕೊಡುತ್ತೀರಿ? ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅರವತ್ತು ಕಣ ಐವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಹನ್ನೆರಡು, 168 ತಾಸು, 2,400 ರೂಪಾಯಿ. ಅವರ ಎರಡು ತಿಂಗಳ ಮನೆ ಬಾಡಿಗೆ ಅದು. ನ್ಯಾಯದ ಕೂಲಿ ಎಂದು ನಾನು ದೊಡ್ಡ ಮಾತು ಆಡಿ ಆರ್ಡರು ಬಿಟ್ಟರೆ ನನ್ನ ಮನೆಯಲ್ಲಿ ಹಾಲು ನಿಲ್ಲುವುದಿಲ್ಲ; ಅವರ ಮನೆಯಲ್ಲಿ ಬಾಡಿಗೆ ನಿಲ್ಲುತ್ತದೆ. ಇನ್ನೊಂದು ಕಡೆ, ಒಮ್ಮೆ 14ಕ್ಕೆ ಒಪ್ಪಿದೆವೆಂದರೆ ಮುಂದೆ ಯಾರೂ ನಮಗೆ 40 ಕೊಡುವುದಿಲ್ಲ. ನಾಳೆ ಇನ್ನೊಬ್ಬರು ಬಂದು 12 ಎನ್ನುತ್ತಾರೆ. ಕೂಲಿ ಇಳಿಯುವುದು ಹಾಗೆಯೇ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಅತ್ತೆಯವರೇ ಕೇಳಿದರು: "ಅವರು ಕೊಡೋ ರೊಕ್ಕಕ್ಕ ಎಷ್ಟು ಕೆಲಸ ಬರ್ತದ ಅಷ್ಟ ಮಾಡಿ ಕೊಡಬಾರದೇನು?" ಸಂತೆಯಲ್ಲಿ ಹಣ ಕಡಿಮೆಯಿದ್ದರೆ ಅರ್ಧ ಕಿಲೋ ಬದಲು ಪಾವು ಕಿಲೋ ತರುತ್ತೇವಲ್ಲ, ಹಾಗೆ! ಕೂಲಿ ಇಳಿಸುವ ಬದಲು ಕೆಲಸವನ್ನೇ ಇಳಿಸುವುದು. ಕೂತು ಒಂದು ಮಾದರಿ ಹೊಲಿದೆ. ಎರಡೂ ತೋಳಿಗೆ ಒಂದೊಂದು ಪುಟ್ಟ ತುಳಸಿಕಟ್ಟೆ, ಕುತ್ತಿಗೆಗೆ ಒಂದೇ ಎಳೆಯ ಗವಂತಿ. ಐದು ತಾಸಿಗೆ ಮುಗಿಯಿತು. ದಾರ 20, ಕೂಲಿ 200, ಒಗೆದು ಇಸ್ತ್ರಿ ಮಾಡಿ ಪರೀಕ್ಷೆ ಮಾಡುವುದಕ್ಕೆ 40. ಕೂಡಿಸಿದರೆ ಸರಿಯಾಗಿ 260!

ವ್ಯಾಪಾರಿಗೆ ಫೋನು ಮಾಡಿ, "ನಿಮ್ಮ ಬೆಲೆಗೆ ಇದು ಬರುತ್ತದೆ, ಗೋಪುರದ ಅಂಚು ಬರುವುದಿಲ್ಲ" ಎಂದೆ. ಅವರಿಗೆ ಅಸಮಾಧಾನವಾಯಿತು. ಬೇರೆ ಕಡೆ ಮಾಡಿಸುತ್ತೇನೆ ಎಂದರು. ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ, ಅರವತ್ತು ಬೇಡ, ನಲವತ್ತು ಕೊಡಿ ಎಂದರು. ಒಬ್ಬೊಬ್ಬರಿಗೆ ಎಂಟು ಕಣ, ನಲವತ್ತು ತಾಸು, 1,600 ರೂಪಾಯಿ.

ಎಲ್ಲರೂ ಸುಖವಾಗಿದ್ದರು ಎಂದು ಕಥೆ ಮುಗಿಸುವ ಹಾಗಿಲ್ಲ. ರೊಟ್ಟಿಯ ಅಕ್ಕ ಒಂದು ವಾರ ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. 2,400 ಬರುವ ಕಡೆ 1,600 ಬಂತಲ್ಲ ಎಂಬ ಸಿಟ್ಟು. ಅವರ ಮನೆಗೆ ಹೋಗಿ, ಕೂತು, ಅವರು ಅಂದದ್ದನ್ನೆಲ್ಲ ಕೇಳಿದೆ. ಆಮೇಲೆ ನನ್ನ ಪಾಲಿನ ಎಂಟರಲ್ಲಿ ನಾಲ್ಕು ಕಣ ಅವರಿಗೇ ಕೊಟ್ಟೆ. ಅಲ್ಲಿಗೆ ಅವರ ಕೈಗೆ 2,400 ಬಂತು. ಆದರೆ 168 ತಾಸಿಗೆ ಅಲ್ಲ, ಅರವತ್ತು ತಾಸಿಗೆ. ಲೆಕ್ಕದ ದಿನ ಹಣ ಎಣಿಸಿಕೊಂಡು, "ರಾತ್ರಿ ದೀಪದಾಗ ಕೂತು ಕಣ್ಣು ಕಳ್ಕೋತಿದ್ದೆ ಬಿಡು" ಎಂದು ತಾವೇ ಅಂದರು. ಈಗಲೂ ನಮ್ಮ ಜೊತೆ ಇದ್ದಾರೆ. ನಮ್ಮ ಐವರಲ್ಲಿ ಮುರ್ಗಿ ಹೊಲಿಗೆ ಅವರದೇ ಚೆಂದ. ಎಲ್ಲ ಕಡೆಯೂ ಹೀಗೆ ದಾರಿ ಸಿಗುತ್ತದೆ ಎಂದು ನಾನು ಹೇಳಲಾರೆ. ಆದರೆ ಪುಸ್ತಕದಲ್ಲಿ ತಾಸು ಬರೆದಿರದಿದ್ದರೆ ಆ ದಾರಿ ಕಾಣುತ್ತಲೇ ಇರಲಿಲ್ಲ ಎಂದು ಮಾತ್ರ ಹೇಳಬಲ್ಲೆ.

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕೈಹಾಕುವವರಿದ್ದರೆ ನನ್ನ ಅನುಭವದ ಕೆಲವು ಮಾತು ಹೇಳುತ್ತೇನೆ.

ಬಣ್ಣದ ದಾರವನ್ನು ಮೊದಲೇ ಪರೀಕ್ಷೆ ಮಾಡಿ. ಒಂದು ಗೇಣು ದಾರವನ್ನು ತೋಯಿಸಿ ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಬಣ್ಣ ಹತ್ತಿದರೆ ಆ ದಾರ ಮಾರಾಟದ ವಸ್ತುವಿಗೆ ಬೇಡ. ಕೆಂಪು ಮತ್ತು ಕಡುನೀಲಿಯ ಮೇಲೆ ಹೆಚ್ಚು ಕಣ್ಣಿಡಿ. ಆರು ಎಳೆಯ ದಾರವನ್ನು ಬಿಡಿಸಿ ಒಂದೋ ಎರಡೋ ಎಳೆಯಲ್ಲಿ ಹೊಲಿಯಿರಿ. ಒಂದು ಮೊಳಕ್ಕಿಂತ ಉದ್ದದ ದಾರ ಪೋಣಿಸಿದರೆ ಬಟ್ಟೆಯಲ್ಲಿ ಎಳೆದೂ ಎಳೆದೂ ನವಿರೇಳುತ್ತದೆ, ಸಿಕ್ಕೂ ಬೀಳುತ್ತದೆ. ಕಲಿಯುವವರು ಎಳೆ ಸುಲಭವಾಗಿ ಕಾಣುವ ಮ್ಯಾಟಿ ಬಟ್ಟೆಯಲ್ಲಿ ಕೈ ಕೂಡಿಸಿಕೊಳ್ಳಿ. ನಯವಾದ ರೇಷ್ಮೆಯಲ್ಲಿ ಎಳೆ ಎಣಿಸಲಾಗದು. ಅದರ ಮೇಲೆ ಜಾಳು ಬಟ್ಟೆ ಇಟ್ಟು ಹೊಲಿದು, ಆಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು.

ಫೋಟೋವನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ. ಹಸಿರು ನೀಲಿಯಾಗಿ ಕಾಣುತ್ತದೆ, ವಸ್ತು ತಲುಪಿದ ಮೇಲೆ ತಕರಾರು ಬರುತ್ತದೆ. ಬೆಳಗಿನ ಎಂಟರಿಂದ ಹತ್ತರವರೆಗೆ, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ತೆಗೆಯಿರಿ. ಪಕ್ಕದಲ್ಲಿ ಟೇಪು ಇಟ್ಟು ಒಂದು, ಹಿಂಬದಿಯದು ಒಂದು ಇರಲಿ. ಕಳಿಸುವಾಗ ಬಟ್ಟೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ ಗಟ್ಟಿ ಕಾಗದ ಹಾಕಿ. ಮಳೆಗಾಲದಲ್ಲಿ ಇದನ್ನು ಮರೆಯಲೇಬೇಡಿ. ತೂಕ ಮಾಡಿಸಿ ಸ್ಪೀಡ್ ಪೋಸ್ಟ್ ಮಾಡಿದರೆ ರಸೀತಿಯ ನಂಬರಿನಿಂದ ಪಾರ್ಸಲ್ಲು ಎಲ್ಲಿದೆ ಎಂದು ನೋಡಬಹುದು. ಒಗೆಯುವ ರೀತಿಯನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ: ತಣ್ಣೀರು, ಸೌಮ್ಯ ಸೋಪು, ನೆರಳಿನಲ್ಲಿ ಒಣಗಿಸುವುದು, ಉಲ್ಟಾ ಮಾಡಿ ಇಸ್ತ್ರಿ.

ಹಣದ ವಿಚಾರದಲ್ಲಿ ಎಚ್ಚರ. ಒಮ್ಮೆ ಒಬ್ಬ ಮಿಲಿಟರಿಯವನು ಎಂದು ಹೇಳಿಕೊಂಡು ಫೋನು ಮಾಡಿದ. ಹತ್ತು ದಿಂಬಿನ ಚೀಲ ಬೇಕು, ಮುಂಗಡ ಕಳಿಸುತ್ತೇನೆ, ನಾನು ಕಳಿಸಿದ ಚೌಕಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ಬೆಲೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ! ಪಕ್ಕದಲ್ಲಿ ಕೂತಿದ್ದ ಅತ್ತೆ, "ಚೌಕಾಸಿ ಮಾಡದ ಗಿರಾಕಿ ಎಲ್ಲಿ ಇರ್ತಾನವ್ವಾ?" ಎಂದರು. ಫೋನು ಇಟ್ಟುಬಿಟ್ಟೆ. ನೆನಪಿಡಿ, ನಮಗೆ ಹಣ ಬರಬೇಕಾದರೆ ನಾವು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಲ್ಲ. ಅಕಸ್ಮಾತ್ ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ತೆರಿಗೆ ಎಂದರೆ ಎಲ್ಲರಿಗೂ ಹೆದರಿಕೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟೀಸು ಬಂದಾಗ ನಮ್ಮ ಹುಡುಗಿಯರು, "ವೈನಿ, ಮೊಬೈಲ್ನ್ಯಾಗ ರೊಕ್ಕ ತಗೋಬ್ಯಾಡ್ರಿ" ಎಂದು ಓಡಿ ಬಂದಿದ್ದರು. ಸರಕು ಮಾರುವವರಿಗೆ ನಮ್ಮ ರಾಜ್ಯದೊಳಗಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನನ್ನ ವ್ಯಾಪಾರ ಅದರ ಹತ್ತಿರಕ್ಕೂ ಬಂದಿಲ್ಲ, ಬರಲಿ ಎಂದು ಹಾರೈಸಿ! ಬೇರೆ ರಾಜ್ಯಕ್ಕೆ ಕಳಿಸುವಾಗ ನಿಯಮ ಬೇರೆ. ಕೈಯಿಂದ ಮಾಡಿದ ಕರಕುಶಲ ವಸ್ತುಗಳಿಗೆ ಅದರಲ್ಲಿ ರಿಯಾಯಿತಿ ಉಂಟು. ಊರಿನ ಆಡಿಟರನ್ನು ವರ್ಷಕ್ಕೊಮ್ಮೆ ಕೇಳಿದರೆ ಸಾಕು. ಲೆಕ್ಕ ಬರೆದಿಟ್ಟವಳಿಗೆ ನೋಟೀಸಿನ ಭಯವಿಲ್ಲ. ಸಣ್ಣ ಉದ್ಯಮದ ಉದ್ಯಮ್ ನೋಂದಣಿಗೆ ಸರ್ಕಾರ ದುಡ್ಡು ತೆಗೆದುಕೊಳ್ಳುವುದಿಲ್ಲ. ಮಾಡಿಸಿಕೊಡುತ್ತೇನೆಂದು ಸಾವಿರ ಕೇಳುವವರನ್ನು ದೂರವಿಡಿ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗದವರು ಕುಶಲಕರ್ಮಿಗಳಿಗೆ ಪೆಹಚಾನ್ ಎಂಬ ಗುರುತಿನ ಚೀಟಿ ಕೊಡುತ್ತಾರೆ. ನಮ್ಮ ಕಸೂತಿಗೆ ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿದೆ. ಯಂತ್ರದಲ್ಲಿ ಹೊಲಿದದ್ದನ್ನು ಕಸೂತಿ ಎಂದು ಮಾರುವವರನ್ನು ಕಂಡಾಗ ಇದನ್ನು ನೆನಪು ಮಾಡಿಕೊಡಬಹುದು.

ಮನೆಯವರ ಮಾತು ಹೇಳದಿದ್ದರೆ ಅನ್ಯಾಯವಾದೀತು. ಯಜಮಾನರ ಮುದ್ರಣಾಲಯ ಮತ್ತೆ ನಡೆಯುತ್ತಿದೆ, ಮೊದಲಿನಷ್ಟಿಲ್ಲ. ಈಗ ನಮ್ಮ ಒಗೆಯುವ ಚೀಟಿಯನ್ನು ಅವರೇ ಚೆಂದವಾಗಿ ಅಚ್ಚು ಹಾಕಿಕೊಡುತ್ತಾರೆ. ಪಾರ್ಸಲ್ಲು ಕಟ್ಟುವುದರಲ್ಲಿ ಅವರ ಕೈ ನನಗಿಂತ ಚೊಕ್ಕ. ಮೊದಲ ವರ್ಷ "ಹವ್ಯಾಸಕ್ಕ ಮಾಡ್ತಾಳ" ಎಂದು ಬಂದವರಿಗೆ ಹೇಳುತ್ತಿದ್ದರು. ಮಗಳ ಕಾಲೇಜಿನ ಎರಡನೇ ಕಂತನ್ನು ನನ್ನ ಖಾತೆಯಿಂದ ಕಟ್ಟಿದ ಮೇಲೆ ಆ ಮಾತು ನಿಂತಿತು. ನಾನು ಏನೂ ಹೇಳಬೇಕಾಗಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಹೈಸ್ಕೂಲಿಗೆ ಹೋಗುವ ಮಗ ಬಂದು ತಾನೇ ಅವಲಕ್ಕಿ ಕಲಸಿಕೊಂಡು ತಿನ್ನುತ್ತಾನೆ, ನನಗೂ ಅಷ್ಟು ಇಡುತ್ತಾನೆ. ಉಪ್ಪು ಒಮ್ಮೊಮ್ಮೆ ಹೆಚ್ಚು, ಇರಲಿ!

ಇದರಿಂದ ದೊಡ್ಡ ಶ್ರೀಮಂತಿಕೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಶ್ರಾವಣದಿಂದ ದೀಪಾವಳಿಯವರೆಗೆ ಉಸಿರಾಡಲು ಪುರಸೊತ್ತಿಲ್ಲ. ಬೇಸಿಗೆಯಲ್ಲಿ ತಿಂಗಳಿಗೆ ನಾಲ್ಕು ತುಂಡು ಹೋದರೆ ಹೆಚ್ಚು. ಕತ್ತು ನೋಯುತ್ತದೆ, ಕನ್ನಡಕದ ನಂಬರು ಏರುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ದೂರದ ಮರವನ್ನು ನೋಡುವ ಅಭ್ಯಾಸವನ್ನು ಈಗಿಂದಲೇ ಮಾಡಿಕೊಳ್ಳಿ.

ನಿಮಗೆ ಕಸೂತಿ ಬರದಿರಬಹುದು. ಕ್ರೋಶಾ ಬರಬಹುದು, ಹಪ್ಪಳ ಬರಬಹುದು, ಚಟ್ನಿಪುಡಿ ಬರಬಹುದು. ಯಾವುದಾದರೂ ಸರಿ. ಮಾರುವುದು ಬಿಡುವುದು ಆಮೇಲಿನ ಮಾತು. ಮಗನ ಹಳೆಯ ನೋಟುಪುಸ್ತಕದಲ್ಲಿ ಖಾಲಿ ಹಾಳೆ ಇದ್ದೇ ಇರುತ್ತದೆ. ಇವತ್ತಿನ ತಾರೀಖು ಹಾಕಿ. ಎಷ್ಟು ಹೊತ್ತಿಗೆ ಕೂತಿರಿ, ಎಷ್ಟು ಹೊತ್ತಿಗೆ ಎದ್ದಿರಿ, ಬರೆಯಿರಿ. ಒಂದು ತಿಂಗಳು ಬರೆದು ಕೂಡಿಸಿ ನೋಡಿ. ಆಮೇಲೆ ಯಾರಾದರೂ "ಮನ್ಯಾಗ ಕೂತು ಮಾಡೋದಲ್ಲಾ" ಎಂದರೆ ನಿಮಗೆ ಸಿಟ್ಟು ಬರುವುದಿಲ್ಲ. "ಹೌದ್ರೀ, ಮನ್ಯಾಗ ಕೂತೇ ಮಾಡಿದ್ದು. ಹದಿನಾಲ್ಕು ತಾಸು" ಎಂದು ನಗುತ್ತ ಹೇಳುತ್ತೀರಿ.